ಹಲ್ಲುಹಳಿಯ ಮೇಲೆ ಬೆಟ್ಟದ ರೈಲು

ಬಾದಾಮಿಯ ಗುಹಾಲಯಗಳನ್ನು ನೋಡಲು ಬಂದವರು ಮೊದಲು ಮೆಟ್ಟಿಲು ಹತ್ತಬೇಕು. ಅಲ್ಲಿಯ ಕೆಂಪು ಮರಳುಗಲ್ಲು ಒಣಗಿದ್ದಾಗ ಪಾದವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಒಂದು ಮಳೆ ಬಿದ್ದರೆ ಅದೇ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ. ಮೆಟ್ಟಿಲು ಕಡಿದ ಕಡೆಯಲ್ಲಾದರೋ ಮುದುಕರೂ ಮಕ್ಕಳೂ ಮಳೆಯಲ್ಲಿಯೇ ನಿಧಾನವಾಗಿ ಏರಿಹೋಗುತ್ತಾರೆ. ಏರುವ ಎತ್ತರ ಎರಡು ಕಡೆಗೂ ಒಂದೇ. ಬರಿಯ ಇಳಿಜಾರಿನ ಮೇಲೆ ನಾವು ಘರ್ಷಣೆಯನ್ನು ನಂಬಿ ನಡೆಯುತ್ತೇವೆ. ಮೆಟ್ಟಿಲಿನ ಮೇಲಾದರೆ ಸಮತಟ್ಟಾದ ಕಲ್ಲೇ ನಮ್ಮ ಭಾರವನ್ನು ಹೊತ್ತು ನಿಲ್ಲುತ್ತದೆ. ರೈಲುಗಾಡಿಯು ಬೆಟ್ಟವನ್ನು ಹತ್ತಬೇಕಾದಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉತ್ತರವೂ ಬಹುಮಟ್ಟಿಗೆ ಇದೇ.

ಬಾದಾಮಿಯ ರೈಲು ನಿಲ್ದಾಣವಿರುವುದು ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಬಯಲಿನಲ್ಲಿ. ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ ಹೋಗುವ ಈ ಮಾರ್ಗವನ್ನು ಹಾಕಿದವರು ಸದರ್ನ್ ಮರಾಠಾ ರೈಲ್ವೆ ಕಂಪನಿಯವರು. 1876ರಿಂದ 1878ರವರೆಗೆ ಈ ಸೀಮೆಯನ್ನು ಸುಟ್ಟ ಬರಗಾಲದಲ್ಲಿ ಧಾನ್ಯವನ್ನು ಹೊತ್ತು ತರಲು ದಾರಿಯೇ ಇಲ್ಲದೆ ಜನ ಸತ್ತರು. ಮುಂದೆ ಅಂತಹ ವಿಪತ್ತು ಬಾರದಿರಲೆಂದು ಯೋಜಿಸಿದ ಬರಪರಿಹಾರದ ಹಳಿಗಳಲ್ಲಿ ಇದೂ ಒಂದು. 1880ರ ದಶಕದಲ್ಲಿ ಮೀಟರ್‌ಗೇಜಾಗಿ ಹುಟ್ಟಿ, ನಮ್ಮ ಕಾಲದಲ್ಲಿ ಬ್ರಾಡ್‌ಗೇಜಾಯಿತು. ಹಳಿ ಹಾಕಿದವರು ಗುಡ್ಡಗಳನ್ನು ಹತ್ತಲು ಹೋಗಲಿಲ್ಲ, ಸುತ್ತಿಕೊಂಡು ಹೋದರು. ಏಕೆಂದು ತಿಳಿಯಬೇಕಾದರೆ ಕಬ್ಬಿಣದ ಗಾಲಿಯ ಗುಣದೋಷಗಳನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ತಡೆ ಅತ್ಯಲ್ಪ. ಒಂದು ಟನ್ ತೂಕದ ಬಂಡಿಯನ್ನು ಸಮತಟ್ಟಾದ ಹಳಿಯ ಮೇಲೆ ಮೆಲ್ಲಗೆ ಎಳೆಯಲು ಮೂರು ನಾಲ್ಕು ಕಿಲೋಗ್ರಾಂ ಎತ್ತುವಷ್ಟು ಬಲವಿದ್ದರೆ ಸಾಕು. ಎತ್ತಿನ ಗಾಡಿಯವರು ಇದನ್ನು ಕೇಳಿದರೆ ನಂಬಲಾರರು. ಆದರೆ ಈ ನುಣುಪೇ ಏರಿನಲ್ಲಿ ಶತ್ರುವಾಗುತ್ತದೆ. ಎಂಜಿನ್ನಿನ ಗಾಲಿ ಹಳಿಯನ್ನು ಹಿಡಿದು ನೂಕಬೇಕಷ್ಟೆ? ಆ ಹಿಡಿತ ಹಳಿ ಒಣಗಿದ್ದಾಗ ಗಾಲಿಯ ಮೇಲಿನ ಭಾರದ ಸುಮಾರು ಕಾಲು ಭಾಗ; ಮಂಜು, ತುಂತುರು, ತರಗೆಲೆಯ ಜಿಗಟು ಸೇರಿದಾಗ ಅದರ ಅರ್ಧಕ್ಕೂ ಇಳಿಯಬಹುದು.

ಒಂದು ಲೆಕ್ಕ ಹಾಕೋಣ. ಎಂಜಿನ್ನಿನ ತೂಕ 50 ಟನ್, ಡಬ್ಬಿಗಳೂ ಸೇರಿ ಗಾಡಿಯ ಒಟ್ಟು ತೂಕ 100 ಟನ್ ಎಂದಿಟ್ಟುಕೊಳ್ಳಿ. ನೂರು ಅಡಿ ಸಾಗಿದರೆ ಒಂದಡಿ ಏರುವ ದಾರಿಯಲ್ಲಿ, ಎಂದರೆ 100ಕ್ಕೆ 1ರ ಏರಿನಲ್ಲಿ, ಭೂಮಿ ಈ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಒಂದು ಟನ್ನಿನಷ್ಟು. ಇದು ಎಂಜಿನ್ನಿಗೆ ಆಟದ ಮಾತು. 12ಕ್ಕೆ 1ರ ಏರಿನಲ್ಲಿ ಈ ಜಗ್ಗು ಎಂಟು ಟನ್ನಿಗೂ ಮಿಕ್ಕುತ್ತದೆ. ಒಣಹಳಿಯ ಮೇಲೆ 50 ಟನ್ ಎಂಜಿನ್ನಿನ ಹಿಡಿತ ಹನ್ನೆರಡು ಟನ್ನಿನಷ್ಟಿರುವುದರಿಂದ ಹೇಗೋ ತೆವಳಬಹುದು. ಹಳಿ ನೆನೆದರೆ ಹಿಡಿತ ಆರು ಟನ್ನಿಗೆ ಬಂದು, ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗುತ್ತವೆ. ಇಳಿಯುವಾಗಿನ ಅಪಾಯ ಇದಕ್ಕಿಂತ ಘೋರ. ಬ್ರೇಕು ಗಾಲಿಯನ್ನು ನಿಲ್ಲಿಸೀತು, ಆದರೆ ನಿಂತ ಗಾಲಿಯೇ ಹಳಿಯ ಮೇಲೆ ಜಾರುತ್ತ ಹೋದರೆ ಅದನ್ನು ತಡೆಯುವವರು ಯಾರು?

ಆದುದರಿಂದಲೇ ರೈಲು ಮಾರ್ಗಗಳು ಬೆಟ್ಟವನ್ನು ಬಳಸಿ ಬಳಸಿ ಹೋಗುವುದು. ನಮ್ಮ ನಾಡಿನಲ್ಲಿ ಕ್ಯಾಸಲ್‌ರಾಕಿನಿಂದ ಕುಳೆಮ್‌ಗೆ ಇಳಿಯುವ ಘಟ್ಟದಲ್ಲಿ ಏರು 37ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವಲ್ಲಿ 50ಕ್ಕೆ 1. ಇವೆರಡೂ ಕಠಿನವಾದ ಘಟ್ಟಗಳೆಂದು ಹೆಸರಾದವು. ಭಾರದ ಗಾಡಿಗಳಿಗೆ ಹಿಂದಿನಿಂದ ಇನ್ನಷ್ಟು ಎಂಜಿನ್ ಕೊಟ್ಟು ನೂಕಿಸುವುದುಂಟು. ಆದರೂ ಅಲ್ಲಿ ನಂಬಿಕೆ ನುಣುಪು ಗಾಲಿಯ ಮೇಲೆಯೇ. ಅದನ್ನೂ ಮೀರಿದ ಏರಿಗೆ ಬೇರೆ ಉಪಾಯ ಬೇಕು.

ಉಪಾಯವೇನೋ ರೈಲಿನಷ್ಟೇ ಹಳೆಯದು. 1812ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಕಲ್ಲಿದ್ದಲ ಗಣಿಗೆ ಜಾನ್ ಬ್ಲೆಂಕಿನ್ಸಾಪ್ ಎಂಬಾತ ಹಾಕಿಸಿದ ದಾರಿಯಲ್ಲಿ ಹಳಿಯ ಪಕ್ಕಕ್ಕೆ ಹಲ್ಲುಗಳಿದ್ದವು. ಎಂಜಿನ್ನಿನ ಹಲ್ಲುಗಾಲಿ ಅವುಗಳಿಗೆ ಕಚ್ಚಿಕೊಂಡು ನಡೆಯುತ್ತಿತ್ತು. ಸೋಜಿಗವೆಂದರೆ ಆ ದಾರಿ ಬೆಟ್ಟದ್ದಲ್ಲ. ನುಣುಪು ಗಾಲಿ ಹಗುರವಾದ ಎಂಜಿನ್ನಿನ ಕೆಳಗೆ ಭಾರವನ್ನು ಎಳೆಯಲಾರದೆಂಬ ಶಂಕೆಯಿಂದ ಈ ಹಲ್ಲು. ಮರುವರ್ಷವೇ ವಿಲಿಯಂ ಹೆಡ್ಲಿ ಎಂಬುವನು ನುಣುಪು ಗಾಲಿಯೂ ಸಾಕೆಂದು ತೋರಿಸಿದ ಮೇಲೆ ಹಲ್ಲು ಮೂಲೆಗೆ ಬಿತ್ತು. ಬಯಲಿನಲ್ಲಿ ಬೇಡವಾದುದು ಬೆಟ್ಟಕ್ಕೆ ಬೇಕಾಗುವ ಹೊತ್ತಿಗೆ ಅರ್ಧ ಶತಮಾನ ಕಳೆಯಿತು.

ಅಮೆರಿಕದ ವಾಷಿಂಗ್ಟನ್ ಶಿಖರಕ್ಕೆ ರೈಲು ಹಾಕುವೆನೆಂದು ಸಿಲ್ವೆಸ್ಟರ್ ಮಾರ್ಷ್ ಎಂಬಾತ ಅನುಮತಿ ಕೇಳಿದಾಗ, ಬೇಕಾದರೆ ಚಂದ್ರಲೋಕದವರೆಗೂ ಹಾಕಿಕೊಳ್ಳಲಿ ಎಂದು ಶಾಸನಸಭೆಯಲ್ಲಿ ಗೇಲಿ ಮಾಡಿದರೆಂದು ಹೇಳುವುದುಂಟು. 1869ರಲ್ಲಿ ಆ ರೈಲು ಶಿಖರವನ್ನು ಮುಟ್ಟಿತು. ಎರಡು ಹಳಿಗಳ ನಡುವೆ ಏಣಿಯೊಂದನ್ನು ಮಲಗಿಸಿದಂತಹ ಹಲ್ಲುಹಳಿ. ಎಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲುಗಾಲಿ ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ಮೆಟ್ಟುತ್ತ ಏರುತ್ತದೆ. ಸ್ವಿಟ್ಸರ್ಲೆಂಡಿನಲ್ಲಿ ನಿಕ್ಲಾಸ್ ರಿಗನ್‌ಬಾಖ್ 1871ರಲ್ಲಿ ಇಂತಹದೇ ಏಣಿಹಳಿಯನ್ನು ರಿಗಿ ಬೆಟ್ಟಕ್ಕೆ ಹಾಕಿದನು. ಈ ಪದ್ಧತಿಯನ್ನು ಅವನ ಬಳಿ ಕೆಲಸ ಮಾಡಿದ್ದ ರೋಮನ್ ಆಬ್ಟ್ ಸುಧಾರಿಸಿದನು. ಏಣಿಯ ಬದಲು ಮೇಲಂಚಿಗೆ ಹಲ್ಲು ಕೊರೆದ ಎರಡು ಮೂರು ಉಕ್ಕಿನ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವುದು. ಒಂದು ಪಟ್ಟಿಯಲ್ಲಿ ಹಲ್ಲಿರುವ ಕಡೆ ಪಕ್ಕದ್ದರಲ್ಲಿ ಸಂದಿರುವಂತೆ ಜೋಡಿಸುವುದು. ಪಟ್ಟಿಗೊಂದರಂತೆ ಹಲ್ಲುಗಾಲಿ. ಒಂದು ಗಾಲಿಯ ಹಲ್ಲು ಬಿಡುವ ಹೊತ್ತಿಗೆ ಇನ್ನೊಂದರ ಹಲ್ಲು ಪೂರ್ತಿ ಕಚ್ಚಿರುತ್ತದೆಯಾಗಿ ಗಾಡಿ ಕುಲುಕದೆ ಏರುತ್ತದೆ.

ನಮ್ಮ ದೇಶದಲ್ಲಿ ಹಲ್ಲುಹಳಿಯನ್ನು ನೋಡಬೇಕಾದರೆ ಇರುವುದು ಒಂದೇ ಕಡೆ: ಮೈಸೂರು ಸೀಮೆಗೆ ಅಂಟಿಕೊಂಡ ನೀಲಗಿರಿ. ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವ ಬಡಗರ ಬೆಟ್ಟವದು. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ 46 ಕಿಲೋಮೀಟರ್. ಸಮುದ್ರಮಟ್ಟದಿಂದ 326 ಮೀಟರಿನಲ್ಲಿ ಹೊರಟು 2203 ಮೀಟರಿಗೆ ಏರಬೇಕು. 1854ರಲ್ಲಿ ಮೊದಲ ಬಾರಿಗೆ ಯೋಚನೆ ಬಂದಿತು. 1891ರಲ್ಲಿ ಕೆಲಸ ತೊಡಗಿ, ನಡುವೆ ಕಂಪನಿಯೇ ದಿವಾಳಿಯೆದ್ದು, ಕೂನೂರಿಗೆ ಗಾಡಿ ಬಂದುದು 1899ರಲ್ಲಿ; ಉದಕಮಂಡಲಕ್ಕೆ 1908ರಲ್ಲಿ. ಬೆಟ್ಟದ ಬುಡದ ಕಲ್ಲಾರಿನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರ್ ದಾರಿಗೆ ಆಬ್ಟನ ಹಲ್ಲುಹಳಿಯುಂಟು. ಅಲ್ಲಿಯ ಕಡಿದಾದ ಏರೇ ನಾವು ಮೇಲೆ ಲೆಕ್ಕ ಹಾಕಿದ ಸುಮಾರು 12ಕ್ಕೆ 1.

ಕರ್ನಾಟಕದಿಂದ ಊಟಿಗೆ ಹೋಗುವವರು ಸಾಮಾನ್ಯವಾಗಿ ಗುಂಡ್ಲುಪೇಟೆ, ಬಂಡೀಪುರದ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ, ಊಟಿಯಿಂದ ಕೂನೂರಿಗೆ ರೈಲು ಹತ್ತಿ, ಬೆಟ್ಟದ ರೈಲನ್ನು ಕಂಡೆವೆಂದು ಸಂತೋಷಪಡುತ್ತಾರೆ. ಆ ಭಾಗದಲ್ಲಿ ಹಲ್ಲೇ ಇಲ್ಲ. ಡೀಸೆಲ್ ಎಂಜಿನ್ ನುಣುಪು ಹಳಿಯ ಮೇಲೆ ಎಳೆಯುತ್ತದೆ. ನೋಡಬೇಕಾದುದಿರುವುದು ಕೂನೂರಿನ ಕೆಳಗೆ. ಅಲ್ಲಿ ಎಂಜಿನ್ ಗಾಡಿಯ ಮುಂದಿರುವುದಿಲ್ಲ. ಸದಾ ಇಳಿಜಾರಿನ ಕಡೆಗಿದ್ದು ಡಬ್ಬಿಗಳನ್ನು ಬೆನ್ನಿನಿಂದ ಒತ್ತುತ್ತದೆ. ಕೊಂಡಿ ಕಳಚಿದರೂ ಡಬ್ಬಿ ಓಡಿಹೋಗದಂತೆ ಈ ಏರ್ಪಾಡು. ಸ್ವಿಟ್ಸರ್ಲೆಂಡಿನ ವಿಂಟರ್‌ಥೂರಿನಲ್ಲಿ ರೂಪುಗೊಂಡ ಈ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಬಾಯ್ಲರಿನ ಉಗಿ ಮೊದಲು ಎರಡು ಸಿಲಿಂಡರುಗಳಲ್ಲಿ ದುಡಿದು ಸಾಧಾರಣ ಗಾಲಿಗಳನ್ನು ತಿರುಗಿಸುತ್ತದೆ. ಅಲ್ಲಿಂದ ಹೊರಬಿದ್ದ, ಕಸುವು ಇನ್ನೂ ಉಳಿದಿರುವ ಉಗಿ, ಉಳಿದೆರಡು ಸಿಲಿಂಡರುಗಳಿಗೆ ಹೋಗಿ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಜಾಣತನದ ಕಟ್ಟಣೆ. ಆದರೂ ಉಗಿ ಎಂಜಿನ್ನಿನ ಹಣೆಬರಹ ತಪ್ಪದು: ಸುಟ್ಟ ಎಣ್ಣೆಯ ಕಾವಿನಲ್ಲಿ ಹತ್ತರಲ್ಲೊಂದು ಪಾಲೂ ಗಾಲಿಗೆ ಬರುವುದಿಲ್ಲ. ಅಷ್ಟು ಕಷ್ಟದಿಂದ ಮೇಲಕ್ಕೇರಿಸಿದ ಭಾರವನ್ನು ಕೆಳಗಿಳಿಸುವಾಗ ಅದರಲ್ಲಿ ಅಡಗಿದ್ದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬರಿಯ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಆ ಶಕ್ತಿಯನ್ನು ಮರಳಿ ಪಡೆಯುವ ದಾರಿಯನ್ನು ತೋರಿಸಿದುದು ವಿದ್ಯುತ್ತು. ಹಲ್ಲುಹಳಿಗೂ ವಿದ್ಯುತ್ತಿಗೂ ಗಂಟುಬಿದ್ದುದು 1892ರಲ್ಲಿ, ಜಿನೀವಾದ ನೆರೆಯ ಸಲೇವ್ ಬೆಟ್ಟದಲ್ಲಿ. ಆದರೆ ಅದರ ನಿಜವಾದ ಚೆಲುವು ಕಂಡುದು 1898ರ ಆಗಸ್ಟಿನಲ್ಲಿ ಪ್ರಾರಂಭವಾದ ಗೋರ್ನರ್‌ಗ್ರಾಟ್ ರೈಲಿನಲ್ಲಿ. ಸ್ವಿಟ್ಸರ್ಲೆಂಡಿನ ತ್ಸೆರ್ಮಾಟ್ ಎಂಬ ವಿಹಾರಧಾಮದಿಂದ ಅದು ಒಂಬತ್ತೂ ಚಿಲ್ಲರೆ ಕಿಲೋಮೀಟರುಗಳಲ್ಲಿ 1604 ಮೀಟರಿನಿಂದ 3089 ಮೀಟರಿಗೆ ಏರುತ್ತದೆ. ಕಡಿದಾದಲ್ಲಿ ಏರು ಐದಕ್ಕೆ ಒಂದು.

ಇದರ ಮೋಟಾರಿನ ತತ್ತ್ವವನ್ನು ವಿವರಿಸಲು ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಘಟಪ್ರಭೆ ಕೃಷ್ಣೆಯರ ದಂಡೆಯಲ್ಲಿ ಕಬ್ಬಿಗೆ ನೀರೆತ್ತುವ ರೈತರು ತ್ರೀಫೇಸ್ ಕರೆಂಟು ಎಂಬುದನ್ನು ಬಲ್ಲರು. ಅದು ಬರುವ ಹೊತ್ತಿಗಾಗಿ ರಾತ್ರಿ ಎದ್ದು ಕುಳಿತವರೂ ಉಂಟು. ಅವರ ಪಂಪಿನ ಮೋಟಾರಿಗೂ ಗೋರ್ನರ್‌ಗ್ರಾಟಿನಲ್ಲಿ ಮೊದಲು ಹೂಡಿದ ಮೋಟಾರಿಗೂ ಜಾತಿ ಒಂದೇ. ಮೂರು ತಂತಿಗಳಲ್ಲಿ ಒಂದರ ಹಿಂದೊಂದು ಏರಿಳಿಯುವ ವಿದ್ಯುತ್ತು ಮೋಟಾರಿನ ಸ್ಥಿರ ಸುರುಳಿಗಳಲ್ಲಿ ಹರಿದಾಗ, ಕಣ್ಣಿಗೆ ಕಾಣದ ಕಾಂತಕ್ಷೇತ್ರವೊಂದು ಒಳಗೆ ಸುತ್ತತೊಡಗುತ್ತದೆ. ನಡುವಣ ಉರುಳೆ ಆ ಸುತ್ತುವ ಕ್ಷೇತ್ರದ ಬೆನ್ನು ಹತ್ತಿ ಓಡುತ್ತದೆ. ನಮ್ಮ ಪಂಪಿನಲ್ಲಿ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತಿದರೆ ಉರುಳೆ 1440ರ ಆಸುಪಾಸಿನಲ್ಲಿರುತ್ತದೆ. ಎಂದೂ ತುಸು ಹಿಂದೆ. ಆ ಹಿಂದುಳಿಯುವಿಕೆಯೇ ಅದರ ದುಡಿಮೆಗೆ ಕಾರಣ.

ಈಗ ಯಾರಾದರೂ ಆ ಉರುಳೆಯನ್ನು ಹೊರಗಿನಿಂದ ಬಲವಾಗಿ ತಿರುಗಿಸಿ 1500ನ್ನು ದಾಟಿಸಿದರು ಎನ್ನಿ. ಏನಾದೀತು? ಇದುವರೆಗೆ ಕ್ಷೇತ್ರದ ಹಿಂದೆ ಓಡುತ್ತಿದ್ದುದು ಈಗ ಅದನ್ನು ಮುಂದಕ್ಕೆ ಜಗ್ಗತೊಡಗುತ್ತದೆ. ಮೋಟಾರು ತಂತಿಯಿಂದ ವಿದ್ಯುತ್ತನ್ನು ತೆಗೆದುಕೊಳ್ಳುವುದನ್ನು ಬಿಟ್ಟು ತಂತಿಗೇ ವಿದ್ಯುತ್ತನ್ನು ಕೊಡಲು ಪ್ರಾರಂಭಿಸುತ್ತದೆ. ಜೊತೆಗೆ, ತನ್ನನ್ನು ಓಡಿಸುತ್ತಿರುವವನನ್ನು ಹಿಂದಕ್ಕೆ ತಡೆಯುತ್ತದೆ. ಬೆಟ್ಟವಿಳಿಯುವ ಗಾಡಿಯಲ್ಲಿ ನಡೆಯುವುದು ಇದೇ. ಚಾಲಕ ಒಂದು ಗುಂಡಿಯನ್ನೂ ಒತ್ತಬೇಕಾಗಿಲ್ಲ. ಗಾಡಿಯ ವೇಗ ಗೊತ್ತಾದ ಮಿತಿಯನ್ನು ಕೂದಲೆಳೆಯಷ್ಟು ಮೀರಿದೊಡನೆಯೇ ಮೋಟಾರು ತಾನಾಗಿ ಬ್ರೇಕಾಗುತ್ತದೆ, ತಾನಾಗಿ ವಿದ್ಯುದಾಗಾರವಾಗುತ್ತದೆ. ಇಳಿಯುವ ಗಾಡಿ ಕೊಟ್ಟ ವಿದ್ಯುತ್ತು ಅದೇ ತಂತಿಯಲ್ಲಿ ಹರಿದು ಕೆಳಗಿನಿಂದ ಏರಿಬರುತ್ತಿರುವ ಗಾಡಿಯನ್ನು ನೂಕುತ್ತದೆ. ಭಾವಿಯ ರಾಟೆಯ ಹಗ್ಗದ ಎರಡು ತುದಿಗಳಿಗೂ ಕೊಡ ಕಟ್ಟಿದಂತೆ; ಆದರೆ ಇಲ್ಲಿ ಹಗ್ಗ ತಾಮ್ರದ್ದು.

ಎಷ್ಟು ಮರಳಿ ಬರುತ್ತದೆ? ಒಂದು ಯೂನಿಟ್ ವಿದ್ಯುತ್ತಿನಲ್ಲಿರುವ ಶಕ್ತಿ ಒಂದು ಟನ್ ಭಾರವನ್ನು 367 ಮೀಟರ್ ಎತ್ತಬಲ್ಲದು. ತ್ಸೆರ್ಮಾಟಿನಿಂದ ಶಿಖರಕ್ಕೆ ಟನ್ನಿಗೆ ನಾಲ್ಕು ಯೂನಿಟ್. ಮೋಟಾರು, ತಂತಿ, ಹಲ್ಲುಗಳಲ್ಲಿ ಕಾಲುಪಾಲು ಸೋರಿಹೋಗುತ್ತದೆಂದು ಹಿಡಿದರೆ ಏರಲು ಕೊಡಬೇಕಾದುದು ಐದೂಕಾಲು ಯೂನಿಟ್. ಇಳಿಯುವಾಗ ಕೈಗೆ ಬರುವುದು ಮೂರು. ಎಂದರೆ, ಇಳಿಯುವ ಎರಡು ಗಾಡಿಗಳು ಸೇರಿ ಏರುವ ಒಂದನ್ನು ಮೇಲಕ್ಕೆ ತಲುಪಿಸಬಲ್ಲವು. ಇದು ಸ್ಥೂಲವಾದ ಲೆಕ್ಕವೇ ಆದರೂ ಅಂದಾಜು ಕೊಡಲು ಸಾಕು. ಇಳಿಯುವ ಹೊತ್ತಿಗೆ ಏರುವ ಗಾಡಿಯೊಂದು ಇರಬೇಕೆಂಬುದೂ, ತಂತಿಯಲ್ಲಿ ವಿದ್ಯುತ್ತು ನಿಂತುಹೋದರೆ ಈ ತಡೆಯೂ ನಿಲ್ಲುವುದೆಂಬುದೂ ನಿಜ. ಆದುದರಿಂದಲೇ ಹಲ್ಲುಗಾಲಿಯನ್ನೇ ಬಿಗಿಹಿಡಿಯುವ ಸಾಧಾರಣ ಬ್ರೇಕುಗಳು ಪ್ರತಿಯೊಂದು ಗಾಡಿಯಲ್ಲಿಯೂ ಬೇರೆಯೇ ಇರುತ್ತವೆ.

ತ್ರೀಫೇಸಿಗೆ ಮೂರು ವಾಹಕಗಳು ಬೇಕು. ಮೇಲೆ ಎರಡು ತಂತಿಗಳು, ಮೂರನೆಯದು ಹಳಿ. ಎರಡು ತಂತಿಗಳನ್ನು ಒಂದಕ್ಕೊಂದು ತಾಗದಂತೆ ತೂಗಿಬಿಡುವುದು, ಅದರಲ್ಲಿಯೂ ಹಳಿಗಳು ಕವಲೊಡೆಯುವ ಕಡೆ, ತಲೆನೋವಿನ ಕೆಲಸ. ವೇಗವನ್ನು ಬೇಕಾದಂತೆ ಬದಲಾಯಿಸುವುದೂ ಹಿಂದೆ ಸುಲಭವಿರಲಿಲ್ಲ. ಆದುದರಿಂದ ಬಯಲಿನ ರೈಲುಗಳು ಈ ಪದ್ಧತಿಯನ್ನು ಕೈಬಿಟ್ಟವು. ಬಾದಾಮಿಯ ಹಳಿಯ ಮೇಲೆ ಈಗ ಕಾಣುವುದು ನಮ್ಮ ದೇಶದಲ್ಲೆಲ್ಲ ಇರುವ 25,000 ವೋಲ್ಟಿನ ಒಂದೇ ತಂತಿ. ಜಗತ್ತಿನಲ್ಲಿ ಜೋಡಿತಂತಿಯ ತ್ರೀಫೇಸ್ ರೈಲುಗಳು ಇಂದು ಉಳಿದಿರುವುದು ನಾಲ್ಕು, ನಾಲ್ಕೂ ಬೆಟ್ಟಗಳಲ್ಲಿ: ಗೋರ್ನರ್‌ಗ್ರಾಟ್, ಬ್ರೆಜಿಲ್ಲಿನ ಕೊರ್ಕೊವಾಡೊ, ಫ್ರಾನ್ಸಿನ ಲಾ ರ‍್ಯೂನ್, ಹೊಗೆ ತುಂಬಬಾರದ ಉದ್ದ ಸುರಂಗವಿರುವುದರಿಂದ ಮೊದಲಿನಿಂದಲೂ ವಿದ್ಯುತ್ತನ್ನೇ ನೆಚ್ಚಿ, 1912ರಲ್ಲಿ 3454 ಮೀಟರ್ ಎತ್ತರದ ನಿಲ್ದಾಣವನ್ನು ಮುಟ್ಟಿದ ಯುಂಗ್‌ಫ್ರಾವ್. ಕೊರ್ಕೊವಾಡೊದ ಗಾಡಿ 1884ರಲ್ಲಿ ಉಗಿಯಿಂದ ಹುಟ್ಟಿ 1910ರಲ್ಲಿ ವಿದ್ಯುತ್ತಿಗೆ ಬದಲಾಯಿತು. ಬೆಟ್ಟದ ತುದಿಯ ಪ್ರಸಿದ್ಧ ಕ್ರಿಸ್ತಪ್ರತಿಮೆಗೆ ಬೇಕಾದ ಸಾಮಗ್ರಿಯನ್ನು ಹೊತ್ತುದು ಅದೇ.

ಹೀಗಿರುವಾಗ ನೀಲಗಿರಿಯ ಗಾಡಿ ಏಕೆ ಇನ್ನೂ ಉಗಿಯನ್ನು ಬಿಡಲಿಲ್ಲ? ಬೆಟ್ಟದಲ್ಲಿ ವಿದ್ಯುತ್ತಿಲ್ಲವೆ? ಇದೆ, ಬೇಕಾದಷ್ಟಿದೆ. ಕನ್ನಡನಾಡಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಗಣಿಗಳಿಗೆ ಕಳುಹಿಸಿದಂತೆ, 1932ರಲ್ಲಿ ನೀಲಗಿರಿಯ ಪೈಕಾರಾ ಹೊಳೆಯಿಂದ ವಿದ್ಯುತ್ತನ್ನು ತೆಗೆದು ಕೊಯಮತ್ತೂರಿನ ಗಿರಣಿಗಳಿಗೆ ಕಳುಹಿಸಿದರು. ಆಮೇಲೆ ಮೋಯಾರ್, ಕುಂದಾ ಯೋಜನೆಗಳೂ ಬಂದವು. ಬೆಟ್ಟದ ನೀರು ಕೆಳಗಿಳಿದು ಬಯಲಿನ ಯಂತ್ರಗಳನ್ನು ತಿರುಗಿಸುತ್ತಿರುವಾಗ, ಬೆಟ್ಟ ಹತ್ತುವ ಗಾಡಿಗೆ ಬಯಲಿನ ಎಣ್ಣೆ. 100 ಟನ್ ಗಾಡಿಯನ್ನು ಕಲ್ಲಾರಿನಿಂದ ಕೂನೂರಿಗೆ 1300 ಮೀಟರ್ ಏರಿಸಲು ಬೇಕಾದ ಶಕ್ತಿ, ಸೋರಿಕೆಯನ್ನು ಬಿಟ್ಟು, 355 ಯೂನಿಟ್. ಹತ್ತು ಅಶ್ವಶಕ್ತಿಯ ಪಂಪನ್ನು ನಲವತ್ತು ಗಂಟೆ ನಡೆಸಿದರೆ ಅಷ್ಟಾಗುತ್ತದೆ. ಹೆದರಿಸುವ ಮೊತ್ತವೇನಲ್ಲ.

ಕಾರಣವಿರುವುದು ಗಾಡಿಗಳ ಸಂಖ್ಯೆಯಲ್ಲಿ ಎಂದು ನನಗೆ ತೋರುತ್ತದೆ. ಗೋರ್ನರ್‌ಗ್ರಾಟಿನಲ್ಲಿ ಹಗಲೆಲ್ಲ ಗಾಡಿಗಳು ಏರಿಳಿಯುತ್ತಿರುತ್ತವೆ. ಕಂಬ, ತಂತಿಗಳಿಗೆ ಹಾಕಿದ ಹಣ ದುಡಿಯುತ್ತದೆ. ಮೆಟ್ಟುಪಾಳ್ಯದಿಂದ ಹೊರಡುವ ಗಾಡಿಯಾದರೋ ದಿನಕ್ಕೊಂದು, ತಲುಪಲು ಐದು ಗಂಟೆ. ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ನಿಲ್ಲುವುದೂ ಅಪರೂಪವಲ್ಲ. ಒಂದೇ ಗಾಡಿ ಇಳಿಯುವಾಗ ಅದು ಕೊಡುವ ವಿದ್ಯುತ್ತನ್ನು ಪಡೆಯಲು ಎದುರಿಗೆ ಇನ್ನೊಂದು ಗಾಡಿಯೇ ಇಲ್ಲ. 2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಉಗಿಯೇ ಅದರ ಆಕರ್ಷಣೆ. ಸ್ವಿಸ್ಸರೂ ತಮ್ಮ ಬ್ರಿಯೆನ್ಸ್ ರೋಟ್‌ಹಾರ್ನ್ ಎಂಬ 1892ರ ಬೆಟ್ಟದ ರೈಲಿಗೆ ತಂತಿ ಎಳೆಯದೆ ಬಿಟ್ಟಿದ್ದಾರೆ. ರಿಗಿಯಲ್ಲಿ ಮಾತ್ರ ನಿತ್ಯದ ಕೆಲಸಕ್ಕೆ ವಿದ್ಯುತ್ತು, ಹಬ್ಬದ ದಿನಗಳಿಗೆ ಉಗಿ. ನೀಲಗಿರಿಗೂ ಆ ಮಧ್ಯಮಾರ್ಗ ಒಪ್ಪೀತೆಂಬ ಆಸೆ ನನಗಿದೆ.

ಆದರೆ ಬಾಗಲಕೋಟೆಯ ನೆಲದಲ್ಲಿ ನಿಂತು ಈ ಬೆಟ್ಟದ ರೈಲಿನ ಕತೆಯನ್ನು ಓದುವಾಗ ಇನ್ನೊಂದು ಯೋಚನೆ ಬಾರದೆ ಇರದು. ಏಳು ಸಾವಿರ ಅಡಿ ಎತ್ತರದ ಊಟಿಗೆ, ಬಂಡೆಯನ್ನು ಸಿಡಿಸಿ, ಹದಿನಾರು ಸುರಂಗ ಕೊರೆದು, ಹಲ್ಲುಹಳಿಯನ್ನು ಕಡಲಾಚೆಯಿಂದ ತರಿಸಿ, 1908ರಲ್ಲಿ ರೈಲನ್ನು ಮುಟ್ಟಿಸಿದರು. ಮದರಾಸು ಸರಕಾರವೇ ಬೇಸಗೆಯಲ್ಲಿ ಅಲ್ಲಿಗೆ ಏರಿ ಕುಳಿತಿರುತ್ತಿತ್ತು. ಚಹದ ತೋಟಗಳೂ ಇದ್ದವು. ಸೀರೆಗೆ ಹೆಸರಾದ ಇಳಕಲ್ಲಿಗಾಗಲಿ ನೆರೆಯ ಹುನಗುಂದಕ್ಕಾಗಲಿ ಅದಾಗಿ ನೂರು ವರ್ಷ ಕಳೆದರೂ ರೈಲು ಬರಲಿಲ್ಲ. ಇಳಕಲ್ಲಿನ ನೇಕಾರರು ತೋಪತೆನಿ ಹಾಕಿ ರೇಷ್ಮೆಯ ಸೆರಗನ್ನು ಹತ್ತಿಯ ಒಡಲಿಗೆ ಕೂಡಿಸಿದ ಸೀರೆಗಳು ಬಸ್ಸಿನ ಮೇಲೆ ಹೋದವು. ಅಲ್ಲಿಯ ಕೆಂಪು ಗ್ರಾನೈಟಿನ ಹತ್ತಾರು ಟನ್ನಿನ ದಿಮ್ಮಿಗಳು ಲಾರಿಗಳ ಮೇಲೆ ಹೋದವು. ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಬರುವ ಯಾತ್ರಿಕರು ಬಾಗಲಕೋಟೆಯಲ್ಲಿಯೋ ಆಲಮಟ್ಟಿಯಲ್ಲಿಯೋ ಇಳಿದು ಬಸ್ಸು ಹಿಡಿಯಬೇಕು. ರಸ್ತೆಯ ಲಾರಿಯ ರಬ್ಬರು ಗಾಲಿಗೆ, ಅದೇ ಭಾರವನ್ನು ಬಯಲಿನಲ್ಲಿ ಎಳೆಯಲು, ಉಕ್ಕಿನ ಗಾಲಿಗಿಂತ ಹಲವು ಪಟ್ಟು ಬಲ ಬೇಕೆಂಬುದನ್ನು ಇಲ್ಲಿ ನೆನೆಯಬಹುದು. ಕಲ್ಲಿನಂತಹ ಸರಕಿಗೆ ರೈಲು ಎಷ್ಟು ಒಪ್ಪುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಗದಗ-ವಾಡಿ ಹೊಸಮಾರ್ಗದ ಕೆಲಸ ಮುಂದುವರಿದು 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಗಾಡಿ ಕುಷ್ಟಗಿಯವರೆಗೆ ಬಂದಿದೆ. ಕುಷ್ಟಗಿಯಿಂದ ಇಳಕಲ್, ಹುನಗುಂದಗಳ ಮೇಲೆ ಹೋಗುವುದು ರಾಷ್ಟ್ರೀಯ ಹೆದ್ದಾರಿ. ಗಾಡಿಯಿಂದ ಇಳಿದ ಇಳಕಲ್ಲಿನ ಪ್ರಯಾಣಿಕ ಗಂಟು ಹೊತ್ತು ಆ ಹೆದ್ದಾರಿಯ ಬಸ್ಸಿಗೆ ಕಾಯುತ್ತಾನೆ. ಮುಂದಿನ ದಾರಿಯಲ್ಲಿ ಹಲ್ಲುಹಳಿ ಬೇಕಾಗುವಂತಹ ಏರು ಒಂದೂ ಇಲ್ಲ.